ಬಂಕಿಗೆ ಹೋಗದವರ ರಸ್ತೆ

ನನ್ನ ಸೊಸೆಯ ಬಲಗೈ ಹೋದದ್ದು ಮಳೆಯಿಂದ ಅಲ್ಲ, ಹಣೆಬರಹದಿಂದಲೂ ಅಲ್ಲ. ಡೀಸೆಲ್ ಕೊಡಬೇಡ ಎಂದು ನಾನು ಮಗನಿಗೆ ಹೇಳಿದೆ, ಅದರಿಂದ ಹೋಯಿತು. ಊರಿನವರು ಏನೇನೋ ಹೇಳುತ್ತಾರೆ. ನಾಲೆ ತಿರುವಿನಲ್ಲಿ ಗಾಳಿ ಇದೆಯಂತೆ, ಅಮಾವಾಸ್ಯೆ ಹತ್ತಿರ ಇತ್ತಂತೆ, ಆಟೋಗೆ ನಿಂಬೆಹಣ್ಣು ಕಟ್ಟಿರಲಿಲ್ಲವಂತೆ. ಗಾಳಿಯೂ ಇಲ್ಲ, ಗ್ರಹವೂ ಇಲ್ಲ. ಅಲ್ಲಿ ಗುಂಡಿ ಇತ್ತು. ಮುಚ್ಚಬೇಕಾದವರು ಮುಚ್ಚಲಿಲ್ಲ. ಆ ಮುಚ್ಚಬೇಕಾದವರಲ್ಲಿ ನನ್ನ ಮನೆಯೂ ಒಂದು.

ನಮ್ಮದು ಸೋಸಲೆಯಿಂದ ಒಳಕ್ಕೆ, ನಾಲೆ ಏರಿಯ ಮೇಲೆ ಹೋಗಬೇಕಾದ ಊರು. ಟಾರು ಹಾಕಿದ್ದು ನನ್ನ ಮಗನ ಮದುವೆಯಾದ ವರ್ಷ. ಆಮೇಲೆ ಯಾರೂ ಇತ್ತ ತಿರುಗಿ ನೋಡಿಲ್ಲ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಊರಿನವರೇ ಒಂದು ಕಟ್ಟುಕಟ್ಟಳೆ ಮಾಡಿಕೊಂಡಿದ್ದರು. ಶಿವರಾತ್ರಿಯಿಂದ ಯುಗಾದಿಯವರೆಗೆ ಯಾರೇ ಪೆಟ್ರೋಲ್ ಬಂಕಿಗೆ ಹೋಗಲಿ, ತಮ್ಮ ಗಾಡಿಗೆ ಹಾಕಿಸಿಕೊಂಡು ಬರುವಾಗ ಒಂದು ಲೀಟರ್ ಡೀಸೆಲ್ ತಂದು ಟ್ರ್ಯಾಕ್ಟರಿನವನ ಮನೆಯ ಡ್ರಮ್ಮಿಗೆ ಸುರಿಯಬೇಕು. ಹೆಚ್ಚು ಓಡಿಸುವವನು ಹೆಚ್ಚು ಸಲ ಬಂಕಿಗೆ ಹೋಗುತ್ತಾನೆ, ಹೆಚ್ಚು ತರುತ್ತಾನೆ. ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಯುಗಾದಿ ಆದ ಮೇಲೆ ಆ ಎಣ್ಣೆಯಲ್ಲಿ ಟ್ರ್ಯಾಕ್ಟರ್ ಓಡಿಸಿ, ಜಲ್ಲಿ, ಗ್ರಾವೆಲ್ ಮಣ್ಣು ತಂದು ಮಳೆಗೆ ಮುಂಚೆ ಗುಂಡಿ ಮುಚ್ಚುತ್ತಿದ್ದರು. ಎಷ್ಟೋ ವರ್ಷ ಹೀಗೇ ನಡೆಯಿತು.

ಆಮೇಲೆ ನನ್ನ ಮಗ ಬ್ಯಾಟರಿ ಆಟೋ ತಂದ. ಊರಿಗೆ ಮೊದಲನೆಯದು. ಸದ್ದಿಲ್ಲ, ಹೊಗೆಯಿಲ್ಲ. ಜಗಲಿಯ ಪಕ್ಕ ಗೋಡೆಗೆ ವೈರು ಚುಚ್ಚಿದರೆ ಆಯಿತು. ಸರ್ಕಾರ ಅದಕ್ಕೆ ರಸ್ತೆ ತೆರಿಗೆಯನ್ನೂ ಬಿಟ್ಟಿದೆ ಎಂದು ಅಂಗಡಿಯವನು ಹೇಳಿದ್ದನಂತೆ. ನಮಗೆ ತಲೆ ತಿರುಗಿತು. ಸರ್ಕಾರವೇ ಬಿಟ್ಟ ಮೇಲೆ ಊರಿಗೇಕೆ ಕೊಡಬೇಕು ಅನ್ನಿಸಿತು.

ಯುಗಾದಿಗೆ ವಾರ ಇರುವಾಗ ಟ್ರ್ಯಾಕ್ಟರಿನವನು ಮನೆ ಮುಂದೆ ಬಂದು ನಿಂತ. ನನಗಿಂತ ಹತ್ತು ವರ್ಷ ಚಿಕ್ಕವನು, ಮಾತು ಮಾತ್ರ ಚುರುಕು.

"ಏನವ್ವ, ನಿನ್ ಮಗ ಈ ಸಲ ಒಂದ್ ತೊಟ್ಟೂ ತಂದಿಲ್ವಲ್ಲ?"

ಮಗ ತಲೆ ಕೆರೆದುಕೊಂಡ. ನಾನೇ ಬಾಯಿ ಹಾಕಿದೆ. "ಬಂಕಿಗೆ ಓಗೋರು ತರ್ಬೇಕು ಅಂತ ತಾನೆ ಕಟ್ಟು? ನಮ್ ಗಾಡಿ ಬಂಕಿನ್ ಮಕ ಕಂಡಿಲ್ಲ. ಎಲ್ಲಿಂದ ತರಾನಪ್ಪ?"

"ಗಾಡಿ ಬಂಕಿನ್ ಮಕ ಕಂಡಿಲ್ಲ ಸರಿ. ರಸ್ತೆ ಮಕವಾದ್ರೂ ಕಂಡದೋ, ಇಲ್ಲ ಆಕಾಸದಲ್ಲಿ ಆರ್ಕೊಂಡು ಬತ್ತದೋ?"

ಸುತ್ತ ಇದ್ದವರು ನಕ್ಕರು. ನನಗೆ ಸಿಟ್ಟು ಬಂತು. "ಕಟ್ಟು ಅಂದ್ರೆ ಕಟ್ಟು. ನೀನೇ ಮಾಡಿದ್ದು. ಬೇಕಾದ್ರೆ ಬಾ, ನಮ್ಮನೆ ಪ್ಲಗ್ಗಿಗೆ ನಿನ್ ಡ್ರಮ್ ಸಿಗ್ಸು, ತುಂಬ್ಕೊ" ಅಂದೆ. ಈಗ ಅವರೆಲ್ಲ ಅವನನ್ನು ನೋಡಿ ನಕ್ಕರು. ಗೆದ್ದೆ ಅಂದುಕೊಂಡೆ. ಮೂರನೇ ಕ್ಲಾಸು ಓದಿದವಳಿಗೆ ಅಷ್ಟು ಮಾತು ಹೊಳೆದದ್ದೇ ದೊಡ್ಡದು.

ಒಳಗಿಂದ ಸೊಸೆ ಬಂದಳು. ಅವಳು ನಂಜನಗೂಡು ಕಡೆಯ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಹೊಲಿಗೆ ಮಿಷನ್ನಿನ ಮೇಲೆ ಕೂರುತ್ತಿದ್ದಳು. ಬೆಳಿಗ್ಗೆ ಗಂಡನ ಆಟೋದಲ್ಲಿ ನರಸೀಪುರಕ್ಕೆ, ಅಲ್ಲಿಂದ ನಂಜನಗೂಡಿನ ಬಸ್ಸು. "ಕೊಟ್ಬುಡಿ ಅತ್ತೆ. ದಿನಾ ಆ ತಿರುವಲ್ಲಿ ಓಗಿ ಬರೋಳು ನಾನು" ಅಂದಳು. ನಿನಗೆ ಗೊತ್ತಾಗಲ್ಲ ಸುಮ್ಕಿರು ಅಂದೆ. ಗೊತ್ತಿದ್ದದ್ದು ಅವಳೊಬ್ಬಳಿಗೇ.

ಒಬ್ಬನಿಗೆ ಬಿಟ್ಟ ಮೇಲೆ ಎಲ್ಲರಿಗೂ ಬಿಟ್ಟ ಹಾಗೆ. ಮರುವರ್ಷ ಇನ್ನಿಬ್ಬರು ಬ್ಯಾಟರಿ ಆಟೋ ತಂದರು. ಮೇಷ್ಟ್ರು ಬ್ಯಾಟರಿ ಸ್ಕೂಟರ್ ತಂದರು, ಹಾಲಿನ ಡೇರಿಯವನೂ ತಂದ. ಎಲ್ಲರ ಬಾಯಲ್ಲೂ ನನ್ನ ಮಾತೇ: ನಮ್ಮ ಗಾಡಿ ಬಂಕಿನ ಮುಖ ಕಂಡಿಲ್ಲ. ದಿನಕ್ಕೆ ಹತ್ತು ಸಲ ಏರಿ ಮೇಲೆ ಓಡುವವರು ಇವರೇ. ಡ್ರಮ್ಮಿಗೆ ಸುರಿಯುವವರು ಹಳೇ ಬೈಕಿನ ನಾಲ್ಕು ಜನ ಬಡವರು. ತಿಂಗಳಿಗೆ ಒಂದೆರಡು ಸಲ ಬಂಕಿಗೆ ಹೋಗುವವರು ಅವರು. ಈ ವರ್ಷ ಆ ಎಣ್ಣೆಯಲ್ಲಿ ಊರ ಬಾಗಿಲಿಂದ ತೂಬಿನವರೆಗೆ ಮಾತ್ರ ಜಲ್ಲಿ ಬಿತ್ತು. ತೂಬಿನಿಂದ ಆಚೆಗೆ ನಾಲೆ ತಿರುವು. ಅಲ್ಲಿಗೆ ಎಣ್ಣೆ ಮುಗಿಯಿತು. ಟ್ರ್ಯಾಕ್ಟರಿನವನು ಗಾಡಿ ತಿರುಗಿಸಿಕೊಂಡು ಮನೆಗೆ ಹೋದ. ಅವನ ತಪ್ಪಿಲ್ಲ.

ಮೊದಲ ದೊಡ್ಡ ಮಳೆಗೆ ಗುಂಡಿಯಲ್ಲಿ ನೀರು ನಿಂತಿತು. ಅದು ಎಷ್ಟು ಆಳ ಎಂದು ಕಾಣುತ್ತಿರಲಿಲ್ಲ. ಬೆಳಿಗ್ಗೆ ಬಸ್ಸಿಗೆ ಹೊತ್ತಾಯಿತೆಂದು ಮಗ ಸ್ವಲ್ಪ ಜೋರಾಗಿಯೇ ಓಡಿಸಿದ್ದಾನೆ. ಮುಂದಿನ ಚಕ್ರ ಇಳಿಯಿತು, ಆಟೋ ಬಲಕ್ಕೆ ಮಗುಚಿತು. ಸೊಸೆ ಕಂಬಿ ಹಿಡಿದುಕೊಂಡಿದ್ದಳು. ಕೈ ಅಡಿಗೆ ಸಿಕ್ಕಿತು. ಬ್ಯಾಟರಿ ಗಾಡಿ ಭಾರ. ಸೋಸಲೆ ಕಡೆಯಿಂದ ಬರುತ್ತಿದ್ದವರು ಎತ್ತುವಷ್ಟರಲ್ಲಿ ಬೆರಳುಗಳೆಲ್ಲ ಜಜ್ಜಿ ಹೋಗಿದ್ದವು. ನರಸೀಪುರದಲ್ಲಿ ಕಟ್ಟು ಹಾಕಿ ಮೈಸೂರಿಗೆ ಕಳಿಸಿದರು. ಮೈಸೂರಿನಲ್ಲಿ ಮೂರು ಬೆರಳು ತೆಗೆದರು. ಉಳಿದ ಎರಡು ಮಡಿಚುವುದಿಲ್ಲ.

ಫ್ಯಾಕ್ಟರಿಯಿಂದ ಜೊತೆಯ ಹೆಂಗಸರು ಬಂದು ನೋಡಿಕೊಂಡು ಹೋದರು. ಎಡಗೈಯಲ್ಲಿ ಮಿಷನ್ ನಡೆಯುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವಳು ಈಗ ಜಡೆ ಹಾಕಿಕೊಳ್ಳಲಾರಳು, ಅಕ್ಕಿ ಆರಿಸಲಾರಳು. ತಲೆ ನಾನು ಬಾಚುತ್ತೇನೆ. ನನ್ನ ಕೈ ಒರಟು. ನೋಯುತ್ತದೆ ಎನ್ನುವುದಿಲ್ಲ, ಕುತ್ತಿಗೆ ಮಾತ್ರ ಬಿಗಿ ಹಿಡಿಯುತ್ತಾಳೆ.

ಅವಳು ಮನೆಗೆ ಬಂದ ಮೇಲೆ ಒಂದು ಸಂಜೆ ಇನ್ನಿಬ್ಬರು ಬ್ಯಾಟರಿ ಆಟೋದವರು ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಬಂದರು. ಒಬ್ಬ ಗಡ್ಡದವನು, ಇನ್ನೊಬ್ಬ ನನ್ನ ಓರಗಿತ್ತಿಯ ಮಗ. ಕೂತು ಕಾಫಿ ಕುಡಿದು ಸರ್ಕಾರವನ್ನು ಬೈದರು. ನಾನು ಕೇಳಿದೆ: "ಆ ಗುಂಡಿ ಇನ್ನೂ ಅಂಗೇ ಅದಾ?"

"ಅದೆ ದೊಡ್ಡವ್ವ. ಈಗ ಇನ್ನೂ ಅಗಲ ಆಗದೆ" ಅಂದ ಓರಗಿತ್ತಿಯ ಮಗ.

"ನಾಳಿದ್ದು ಇವಳ್ನ ಡ್ರೆಸ್ಸಿಂಗ್‌ಗೆ ಕರ್ಕೊಂಡೋಗ್ಬೇಕು. ಅದ್ರ ಮೇಲೇ ಓಗ್ಬೇಕು. ಮುಚ್ಚಾನ ಬನ್ರಪ್ಪ. ಎಣ್ಣೆ ಲೆಕ್ಕ ಬ್ಯಾಡ, ಚಕ್ರದ ಲೆಕ್ಕ ಇಡಾನ. ರಸ್ತೆ ಸವೆಯೋದು ಚಕ್ರಕ್ಕೆ, ಎಣ್ಣೆಗಲ್ಲ. ದಿನಕ್ಕೆ ಎಷ್ಟು ಟ್ರಿಪ್ ಓಡಿಸ್ತೀರೋ ಅಷ್ಟಕ್ಕೆ ತಕ್ಕಂಗೆ ಕೊಡಿ."

ಗಡ್ಡದವನು ಲೋಟ ಕೆಳಗಿಟ್ಟ. "ಅಜ್ಜಿ, ಕಬ್ಬಿನ್ ಲಾರಿ ಬತ್ತವಲ್ಲ, ಅವು ಒಂದ್ ಸಲ ಓದ್ರೆ ನಮ್ ಗಾಡಿ ನೂರ್ ಸಲ ಓದಂಗೆ. ಮೊದ್ಲು ಅವ್ರುನ್ನ ಕೇಳು."

ಅವನು ಹೇಳಿದ್ದು ಸುಳ್ಳಲ್ಲ. "ಕೇಳ್ತೀನಿ, ಅವ್ರು ಜಾಸ್ತಿನೇ ಕೊಡ್ಬೇಕು. ಅದ್ಕೆ ನೀನು ಏನೂ ಕೊಡ್ಬಾರ್ದು ಅಂತ ಎಲ್ಲದೆ?"

"ಬ್ಯಾಟ್ರಿ ತಗಳ್ರಪ್ಪ, ಒಳ್ಳೇದು ಅಂತ ಸರ್ಕಾರನೇ ಏಳಿ, ಈಗ ಅದ್ಕೂ ಸುಂಕ ಅಂದ್ರೆ ಎಂಗೆ? ಅಲ್ಲ ಅಜ್ಜಿ, ಕೊಡ್ಬ್ಯಾಡಿ ಅಂತ ಮೊದ್ಲು ಏಳ್ಕೊಟ್ಟೋಳೇ ನೀನು. ಈಗ ನಿನ್ ಮನೆಗೆ ಬಂತು ಅಂತ ಪುರಾಣ ಓದ್ತಿಯಾ?"

ಓರಗಿತ್ತಿಯ ಮಗ ಅವನ ತೊಡೆ ತಟ್ಟಿ "ಸುಮ್ಕಿರ್ಲಾ" ಅಂದ. "ಊಂ ಕಣಪ್ಪ, ನಾನೇ ಏಳ್ದೆ" ಅಂದೆ. "ತಪ್ಪು ಏಳ್ದೆ. ನೀನು ಬುದ್ಧಿವಂತ ಅಲ್ವಾ, ನನ್ ಮಾತು ಯಾಕೆ ಕೇಳ್ದೆ?"

ಸೊಸೆ ಗೋಡೆಗೆ ಒರಗಿ ಕೂತಿದ್ದಳು. "ಇಬ್ರೂ ಜಗಳ ಆಡ್ಬ್ಯಾಡಿ" ಅಂದಳು. "ಡ್ರೆಸ್ಸಿಂಗ್‌ಗೆ ಓಗೋವಾಗ ತಿರುವಲ್ಲಿ ನನ್ನ ಇಳಿಸ್ಬುಡಿ. ನಡ್ಕೊಂಡು ದಾಟ್ತೀನಿ. ಅಷ್ಟು ಸಾಕು."

ಗಡ್ಡದವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ನಾನು ಟ್ರ್ಯಾಕ್ಟರಿನವನ ಮನೆಗೆ ನಡೆದೆ. ಅವನು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ. "ಈಗ ಬಂದಾ?" ಅಂದ. ಬಂದೆ ಅಂದೆ. ಮನೆ ಹಿಂದೆ ಕಟ್ಟಡಕ್ಕೆ ತಂದು ಮಿಕ್ಕಿದ ಒಂದು ಲೋಡು ಜಲ್ಲಿ ಇತ್ತು. "ತಿರುವಲ್ಲಿ ಸುರಿದು ಬತ್ತೀನಿ. ನಿನ್ ಮಕ ನೋಡ್ಕೊಂಡಲ್ಲ, ನಿನ್ ಸೊಸೆ ಮಕ ನೋಡ್ಕೊಂಡು. ಅರಡೋಕೆ ನನ್ತಾವ ಆಳಿಲ್ಲ" ಅಂದ. ಹರಡುವುದು ನನ್ನ ಪಾಡು ಅಂದೆ.

ಮಾರನೆಯ ಬೆಳಿಗ್ಗೆ ಕೋಳಿ ಕೂಗಿದ ಮೇಲೆ ಗುದ್ದಲಿ, ಮಂಕರಿ ತೆಗೆದುಕೊಂಡು ನಾಲೆ ತಿರುವಿಗೆ ಹೋದೆ. ಜಲ್ಲಿ ರಸ್ತೆಯ ಅಂಚಿನಲ್ಲಿ ಬಿದ್ದಿತ್ತು. ಯಾರೇ ಬರಲಿ, ದಿನದ ಟ್ರಿಪ್ಪಿಗೆ ತಕ್ಕಷ್ಟು ಮಂಕರಿ ಹಾಕಿಯೇ ದಾಟಲಿ ಎಂದು ರಸ್ತೆಗೆ ಅಡ್ಡ ನಿಂತೆ. ಮೊದಲು ಬಂದದ್ದು ನನ್ನ ಮಗ. ಇಳಿದು ಹತ್ತು ಮಂಕರಿ ಹಾಕಿ ಹೋದ. ಮೇಷ್ಟ್ರು ಸ್ಕೂಟರ್ ನಿಲ್ಲಿಸಿ, ಪ್ಯಾಂಟು ಮಡಿಚಿ ಎರಡು ಹಾಕಿದರು. ಕಬ್ಬಿನ ಲಾರಿಯವನು ಹಾರ್ನ್ ಹೊಡೆದ, ನಾನು ಅಲುಗಲಿಲ್ಲ. ಬೈದುಕೊಂಡು ಕ್ಲೀನರನ್ನು ಇಳಿಸಿದ, ಅವನು ಇಪ್ಪತ್ತು ಹಾಕಿದ. ಆಮೇಲೆ ಗಡ್ಡದವನು ಬಂದ. ಆಟೋದಲ್ಲಿ ನಾಲ್ಕು ಜನ ಇದ್ದರು.

"ದಾರಿ ಬುಡಜ್ಜಿ, ಬಸ್ ಓಯ್ತದೆ ಇವ್ರಿಗೆ."

"ಓಗ್ಲಿ. ಹತ್ತು ಮಂಕರಿ."

ಹಿಂದೆ ಕೂತಿದ್ದ ಹೆಂಗಸು "ಇಳ್ದು ಆಕ್ಬಾರ್ದಾ ಮಾರಾಯ, ಟೈಮಾಯ್ತದೆ" ಅಂದಳು. ಅವನು ಇಳಿದ. ಮೂರು ಹಾಕಿದ, ನಾಲ್ಕನೆಯದನ್ನು ಅರ್ಧಕ್ಕೆ ಬಿಸಾಡಿ ಪಕ್ಕದಿಂದ ಗಾಡಿ ತೂರಿಸಿಕೊಂಡು ಹೋದ. ಉಳಿದದ್ದನ್ನು ನಾನೇ ಹಾಕಿದೆ. ಬಿಸಿಲೇರುವವರೆಗೂ ಹಾಕಿ, ಮೇಲೆ ನಿಂತು ಕಾಲಲ್ಲಿ ತುಳಿದೆ.