ಥ್ರೋ ಅಂದ್ರೆ ಒಗೆ

ಮೊನ್ನೆ ಟ್ರಂಕು ತೆಗೆಸಿದಾಗ ನುಸಿಗುಳಿಗೆಯ ಘಾಟಿನ ಜೊತೆಗೆ ಕಡ್ಡಿಪುಡಿಯ ವಾಸನೆ ಚೂರೇ ಚೂರು ಮೂಗಿಗೆ ಬಂತು. ತಳದಲ್ಲಿ ಆ ಉಣ್ಣೆ ಶಾಲು. ನುಸಿ ತಿಂದು ಅಲ್ಲಲ್ಲಿ ತೂತಾಗಿದೆ. ಮೊಮ್ಮಗಳು ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಅಜ್ಜೀ, ಇದನ್ನ ಥ್ರೋ ಮಾಡ್ಲಾ?" ಅಂದಳು. ಅವಳಿಗೇನು ಗೊತ್ತು! ಆ ಒಂದು ಮಾತಿಗೆ ನಮ್ಮ ಪಕ್ಕದ ಮನೆ ಅತ್ತೆ ಕಣ್ಣಮುಂದೆ ಬಂದು ನಿಂತಳು.

ಮಾರಿಕುಪ್ಪಂನಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಸ್ವಂತ ಅತ್ತೆಯಲ್ಲ, ಆದರೆ ಸ್ವಂತದವರಿಗಿಂತ ಹೆಚ್ಚು ಬೈದು, ಹೆಚ್ಚು ಉಣ್ಣಿಸಿದವಳು. ಚಿನ್ನದ ಗಣಿಗೆ ಇಳಿದು ಇಳಿದು ಅವಳ ಗಂಡನ ಎದೆ ಹಾಳಾಗಿತ್ತು. ಮಾವ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಅತ್ತೆಗೆ ಉರಿಗಾಂನ ಒಂದು ಬಂಗಲೆಯಲ್ಲಿ ದೊರೆಸಾನಿಯ ಕೂಸನ್ನು ನೋಡಿಕೊಳ್ಳುವ ಆಯಾ ಕೆಲಸ ಸಿಕ್ಕಿದ್ದರಿಂದ ಆ ಮನೆಯ ಒಲೆ ಉರಿಯುತ್ತಿತ್ತು.

ಆ ವರ್ಷ ನಮ್ಮ ಸ್ಕೂಲಿಗೆ ಧಾರವಾಡ ಕಡೆಯ ಮೇಷ್ಟ್ರು ಬಂದಿದ್ದರು. ಇಂಗ್ಲಿಷಿನ ಒಂದೊಂದು ಮಾತಿಗೂ ಅರ್ಥ ಹೇಳಿ, ನಮ್ಮ ಕೈಲಿ ಕೂಗಿಸುತ್ತಿದ್ದರು. "ಥ್ರೋ ಅಂದ್ರ ಒಗಿ!" ಅಂದರು. ಅವರ ಕಡೆ ಒಗಿ ಅಂದರೆ ಎಸೆ. ನಮ್ಮ ಕಡೆ ಒಗೆಯುವುದು ಬಟ್ಟೆಯನ್ನು, ಅದೂ ಕಲ್ಲಿಗೆ ಬಡಿದು! ಅವರು ಎಸೆದು ತೋರಿಸಲಿಲ್ಲ, ನಾವು ಕೇಳಲಿಲ್ಲ. ಸಂಜೆ ಜಗಲಿ ಮೇಲೆ ಕೂತು ನಾವು ಗಂಟಲು ಹರಿಯುವಂತೆ ಕೂಗುತ್ತಿದ್ದರೆ, ಅತ್ತೆ ದವಡೆಯಲ್ಲಿ ಎಲೆಯಡಿಕೆ, ಕಡ್ಡಿಪುಡಿ ಇಟ್ಟುಕೊಂಡು ಹುರುಳಿ ಆರಿಸುತ್ತಾ ಎಲ್ಲಾ ಕಿವಿಗೆ ಹಾಕಿಕೊಳ್ಳುತ್ತಿದ್ದಳು. ತೆಲುಗು ಅವಳ ತವರಿನ ಮಾತು, ತಮಿಳು ಬಂಗಲೆಯಲ್ಲಿ ಕಲಿತಿದ್ದಳು. ಇಂಗ್ಲಿಷೊಂದು ಬಂದುಬಿಟ್ಟರೆ ತನ್ನನ್ನು ಹಿಡಿಯುವವರು ಯಾರು ಅನ್ನುವ ಗತ್ತು ಅವಳದು.

ಆ ಮಳೆಗಾಲದಲ್ಲಿ ಕೂಸಿಗೆ ಜ್ವರ ಬಂತು. ಬಂದ ಜ್ವರ ಬಿಡಲೇ ಇಲ್ಲ... ಅತ್ತೆ ಗೋಡೆಯಾಚೆ ಅತ್ತಿದ್ದು ನಮ್ಮ ಮನೆಗೆ ಕೇಳುತ್ತಿತ್ತು. ಎತ್ತಿ ಆಡಿಸಿದ ಕೂಸು ಹೋಯಿತಲ್ಲ ಅನ್ನುವ ಸಂಕಟ ಒಂದು. ಕೂಸೇ ಇಲ್ಲದ ಮನೆಗೆ ಆಯಾ ಯಾಕೆ, ಇವತ್ತೋ ನಾಳೆಯೋ ಬಿಡಿಸುತ್ತಾರೆ ಅನ್ನುವ ಭಯ ಇನ್ನೊಂದು.

ದೊರೆಸಾನಿ ಮಾತ್ರ ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲವಂತೆ. ಒಂದು ಬೆಳಿಗ್ಗೆ ಕೂಸಿನ ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದು, "ಥ್ರೋ ದೆಮ್ ಅವೇ!" ಎಂದು ಕಿರುಚಿದಳಂತೆ. ಅತ್ತೆಗೆ ಎಲ್ಲಾ ಅರ್ಥವಾಗಿಹೋಯಿತು. ಥ್ರೋ ಅಂದರೆ ಒಗೆ. ಅವೇ ಅಂದರೆ ಅವೇ, ಬೇರೆಯವಲ್ಲ.

ಗಂಟು ಕಟ್ಟಿ ಮನೆಗೆ ತಂದಳು. ಒಗೆದು, ನೀಲಿ ಹಾಕಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆ ಬೇಡಿ ತಂದು ಇಸ್ತ್ರಿ ಮಾಡಿದಳು. ಮಡಿಚಿಡಲು ನಾನೂ ಕೂತೆ. ಅಂಗೈಯಷ್ಟಗಲದ ಅಂಗಿಗಳು... ಒಂದು ಟೋಪಿಯನ್ನು ಮಾತ್ರ ನೀರಿಗೆ ಹಾಕಿರಲಿಲ್ಲ. "ಉಣ್ಣೇದು ಕಣಮ್ಮಿ, ಒಗುದ್ರೆ ಮುದುರ್ಕೊಂಡು ಓಗ್ತದೆ. ಅಂಗೇ ಇರ್ಲಿ" ಅಂದಳು.

ಮಾರನೆಯ ದಿನ ಆ ಬಟ್ಟೆಯ ಅಟ್ಟಿ ನೋಡಿ ಬಂಗಲೆಯ ಬಟ್ಲರ್ ಹಣೆ ಹಣೆ ಚಚ್ಚಿಕೊಂಡನಂತೆ. "ಅಯ್ಯೋ ಪಾವಿ! ಎಸೆದ್ಬಿಟ್ಟು ಬಾ ಅಂದ್ರೆ ಒಗುದು ತಂದಿದ್ದೀಯಾ? ನಾಳೆಯಿಂದ ಈ ಕಡೆ ತಲೆ ಆಕ್ಬೇಡ, ಓಗು!"

ನಮ್ಮತ್ತೆ ಸುಮ್ಮನಿರುವವಳೇ? "ಥ್ರೋ ಅಂದ್ರೆ ಒಗೇನೇ! ಮೇಷ್ಟ್ರೇ ಏಳ್ಕೊಟ್ಟವ್ರೆ. ನಿಂಗೊತ್ತೋ, ಅವ್ರಿಗೊತ್ತೋ?" ಎಂದು ಗಂಟಲೆತ್ತಿದಳು.

ಗಲಾಟೆಗೆ ದೊರೆಸಾನಿ ಹೊರಗೆ ಬಂದಳು. ಬಟ್ಟೆ ನೋಡಿ ಮುಖ ಬಿಳಿಚಿಕೊಂಡಿತು. ಒಂದೊಂದೇ ಅಂಗಿ ತೆಗೆದು ಮೂಗಿಗೆ ಹಿಡಿದಳು, ಕೆಳಗಿಟ್ಟಳು. ಬರೀ ಸೋಪಿನ ವಾಸನೆ. ಕೊನೆಗೆ ಆ ಟೋಪಿ ಕೈಗೆ ಬಂತು. ಅದರಲ್ಲಿ ಕೂಸಿನ ನೆತ್ತಿಯ ವಾಸನೆ ಹಾಗೇ ಇತ್ತು. ದೊರೆಸಾನಿ ಬರಿನೆಲದ ಮೇಲೆ ಕುಸಿದು ಕೂತು, ಹಳ್ಳಿ ಹೆಂಗಸಿನಂತೆ ಹೋ ಎಂದು ಅತ್ತಳಂತೆ. ಅತ್ತೆ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಅಳು ನಿಂತ ಮೇಲೂ ಆ ತಾಯಿ ಅತ್ತೆಯ ಕೈ ಬಿಡಲಿಲ್ಲವಂತೆ. ಕೆಲಸ ಬಿಡಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಅವರು ಹಡಗು ಹತ್ತುವವರೆಗೂ ಅತ್ತೆ ಆ ಮನೆಯಲ್ಲೇ ಇದ್ದಳು. ಹೊರಡುವ ದಿನ ದೊರೆಸಾನಿ ತಾನು ಹೊದ್ದಿದ್ದ ಶಾಲನ್ನೇ ತೆಗೆದು ಅತ್ತೆಯ ಹೆಗಲಿಗೆ ಹಾಕಿದಳಂತೆ.

ಥ್ರೋ ಎನ್ನುವುದರ ಸರಿಯಾದ ಅರ್ಥ ನಮಗೆಲ್ಲ ತಿಳಿದ ಮೇಲೆ ಅತ್ತೆ ಬಿದ್ದು ಬಿದ್ದು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಸರ್ಯಾಗಿ ಕಲ್ತಿದ್ರೆ ತಿಪ್ಪೆಗೆ ಆಕ್ಬಿಡ್ತಿದ್ನಲ್ಲೇ!" ಅಂದಳು. ಮೇಷ್ಟ್ರನ್ನು ಬೈಯುವವರು ಬೈಯಲಿ, ನಾನಂತೂ ಬೈಯುವವಳಲ್ಲ.

ನನ್ನ ಚೊಚ್ಚಲ ಬಾಣಂತನಕ್ಕೆ ಬಂದವಳು, ಚಳಿ ಎಂದು ಆ ಶಾಲು ನನಗೆ ಹೊದಿಸಿ ಹೋದಳು. ಹಿಂತಿರುಗಿಸೋಣ ಎಂದುಕೊಂಡಿದ್ದೆ... ಅಷ್ಟರಲ್ಲಿ ಅವಳೇ ಇರಲಿಲ್ಲ. ಸುದ್ದಿ ಮುಟ್ಟಿ ನಾನು ಬಂಗಾರಪೇಟೆಯಿಂದ ರೈಲು ಹತ್ತುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಮುಖ ನೋಡಲಿಲ್ಲ ಅನ್ನುವ ಉರಿ ಇವತ್ತಿಗೂ ಆರಿಲ್ಲ.

ಇಷ್ಟೆಲ್ಲ ಕೇಳಿದ ಮೊಮ್ಮಗಳ ದನಿ ಮೆತ್ತಗಾಯಿತು. "ಹಾಗಾದ್ರೆ ಒಗೆದು ಇಡ್ಲಾ ಅಜ್ಜಿ?"

"ಬೇಡ ಕಣೇ. ಧಾರವಾಡದ ಒಗೆಯೋದೂ ಬೇಡ, ನಮ್ಮೂರ ಒಗೆಯೋದೂ ಬೇಡ."

ಶಾಲನ್ನು ಮೂಗಿಗೆ ಹಿಡಿದೆ. ಕಡ್ಡಿಪುಡಿಯ ವಾಸನೆ ಆಗಲೇ ಅರ್ಧ ಗಾಳಿಗೆ ಹೋಗಿತ್ತು. ಬೇಗ ಬೇಗ ಮಡಿಚಿ ಒಳಗಿಟ್ಟು, ಟ್ರಂಕು ಮುಚ್ಚಿಸಿದೆ.