ರಂಗೂನಿನ ಮೀನುಮರಿ ಮತ್ತು ನನ್ನ ಕೈಗುಣ

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ನಾನು ಗಾದಿಗನೂರಿನಿಂದ ಕಂಪ್ಲಿಗೆ ಸೊಸೆಯಾಗಿ ಬಂದೆ. ಬಂದ ಮೂರನೇ ತಿಂಗಳಿಗೆ ನಮ್ಮತ್ತೆಯ ತಮ್ಮ, ನಾವೆಲ್ಲ ರಂಗೂನ್ ಮಾವ ಅಂತಿದ್ದವರು, ಹಡಗು ಹತ್ತಿ, ರೈಲು ಹತ್ತಿ ಊರಿಗೆ ಬಂದರು. ರೇಷ್ಮೆ ತಂದಾರು ಅಂತ ನಾವು ಕಾದದ್ದೇ ಬಂತು. ಅವರು ತಂದದ್ದು ಎರಡು ಗಾಜಿನ ಜಾಡಿ, ಒಂದರಲ್ಲಿ ಗಂಡು ಮೀನು, ಇನ್ನೊಂದರಲ್ಲಿ ಹೆಣ್ಣು!

"ಇವು ಕಾದಾಡೋ ಮೀನು. ಜೋಡಿ ಕೂಡಿಸಿದ್ರ ಮರಿ ಆಗ್ತಾವ, ನೋಡ್ತಿರ್ರಿ," ಅಂದರು ಮಾವ. ಗಂಡು ಮೀನಂತೂ ನೀಲಿ ಸೀರೆಯ ನೆರಿಗೆ ಬಿಚ್ಚಿದ ಹಾಗೆ ರೆಕ್ಕೆ ಬಿಚ್ಚುತ್ತಿತ್ತು. ನನಗೆ ಕೆಲಸದ ಮೇಲೆ ಧ್ಯಾನವೇ ಇಲ್ಲದಂತಾಯಿತು.

ಹಿತ್ತಲ ಮಣ್ಣಿನ ಬಾನಿಯಲ್ಲಿ ಬಿಟ್ಟೆವು. ಗಂಡು ಬುರುಗಿನ ಗೂಡು ಕಟ್ಟಿತು, ಹೆಣ್ಣು ಮೊಟ್ಟೆ ಇಟ್ಟಿತು, ರೆಪ್ಪೆಗೂದಲಿನಷ್ಟು ಮರಿಗಳು ಹೊರಬಂದವು. ಓಣಿಯೆಲ್ಲ ಬಂದು ನೋಡಿತು. ನಾಲ್ಕೇ ದಿನಕ್ಕೆ ಒಂದೂ ಉಳಿಯಲಿಲ್ಲ. ಅಪ್ಪ ಮೀನೇ ತಿಂದಿರಬೇಕು ಅಂದುಕೊಂಡು ಎರಡನೇ ಸಲ ಮರಿ ಈಜಲು ಶುರುಮಾಡಿದ ಕೂಡಲೇ ಗಂಡನ್ನು ಜಾಡಿಗೆ ಹಾಕಿದೆವು. ಆಗಲೂ ಅದೇ ಹಾಡು. ಬೆಕ್ಕಿಗೆ ಬೈದದ್ದಾಯಿತು, ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದಾಯಿತು. ಮಾವ ಮಾತ್ರ ಬಾನಿ ಮುಂದೆ ಕುಂತು ತಲೆ ಕೆರೆದುಕೊಳ್ಳುತ್ತಿದ್ದರು.

ಅಷ್ಟೊತ್ತಿಗೆ ಅತ್ತೆಯ ಕಣ್ಣು ನನ್ನ ಮೇಲೆ ಬಿತ್ತು. "ದಿನಾ ಆ ಬಾನಿಗೆ ನೀರು ಹಾಕೋಳು ಯಾರು? ನಮ್ಮ ಹೊಸ ಸೊಸಿ! ಕೆಲವ್ರ ಕೈಗುಣಾನೇ ಹಂಗಿರ್ತೈತಿ," ಅಂದುಬಿಟ್ಟರು.

ಆಗ ನನ್ನ ನಾದಿನಿ ತುಂಬು ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಮನೆಯಲ್ಲಿ ನನ್ನ ಜೊತೆ ನಕ್ಕು ಮಾತಾಡುವ ಜೀವ ಅದೊಂದೇ. "ಕೂಸಿಗೆ ಮೊದಲ ಸ್ನಾನ ನೀನೇ ಮಾಡಿಸು ವೈನಿ," ಅಂತ ಮೊದಲೇ ಹೇಳಿದ್ದಳು. ಈಗ ಅತ್ತೆ, "ಮೂರನೇ ಸಲ ಮರಿ ಉಳಿದ್ರ ನೋಡೋಣು. ಇಲ್ಲಾಂದ್ರ ಬಾಣಂತಿ ಕ್ವಾಣಿಗೆ ಇಕಿ ಕಾಲಿಡೋದು ಬ್ಯಾಡ," ಅಂದರು. ನಾನು ಹಿತ್ತಲಲ್ಲಿ ನಿಂತು ಸಾಕುಬೇಕಾಗುವಷ್ಟು ಅತ್ತುಬಿಟ್ಟೆ.

ಮೂರನೇ ಸಲದ ಮರಿ ಹೊರಬಂದು ಎರಡು ದಿನವಾಗಿತ್ತು. ಆಗಲೇ ಅರ್ಧ ಸತ್ತಿದ್ದವು. ಅಂದು ಬೆಳಿಗ್ಗೆ "ಕಲಾಯೀ... ಪಾತ್ರೆಗೆ ಕಲಾಯೀ!" ಅಂತ ಕೂಗುತ್ತ ಹುಸೇನಸಾಬ್ ಬಂದು ನಮ್ಮ ಹಿತ್ತಲ ಬೇವಿನ ಮರದ ಕೆಳಗೆ ಗಾಳಿ ಊದುವ ತಿದಿ ಹೂಡಿದ. ಅವನು ಪಾತ್ರೆ ಕಾಯಿಸುತ್ತಿದ್ದ ಹಾಗೆ ನಾನು ದಿನದಂತೆ ಒಂದು ತಾಮ್ರದ ಕೊಡವನ್ನು ಒಳಗೂ ಹೊರಗೂ ಹುಣಸೆಹಣ್ಣಿನಿಂದ ತಿಕ್ಕಿ, ಕಾಲುವೆ ನೀರು ತುಂಬಿಟ್ಟು, ಹಿಂದಿನ ದಿನ ಹೀಗೇ ತುಂಬಿಟ್ಟಿದ್ದ ಇನ್ನೊಂದು ಕೊಡದ ನೀರನ್ನು ಬಾನಿಗೆ ಸುರಿದೆ. ಕೂಸಿಗಾಗಲಿ ಮರಿಗಾಗಲಿ ತಾಮ್ರದಲ್ಲಿಟ್ಟ ನೀರೇ ಶ್ರೇಷ್ಠ ಅಂತ ಅತ್ತೆಯ ಕಟ್ಟಪ್ಪಣೆ. ಒಳಗೂ ಹುಣಸೆ ಹಚ್ಚುವುದು ನನ್ನ ಸ್ವಂತ ಜಾಣತನ, ಅತ್ತೆ ಮೆಚ್ಚಲಿ ಅಂತ!

ಹುಸೇನಸಾಬ್ ತಿದಿ ಒತ್ತುವುದನ್ನೇ ನಿಲ್ಲಿಸಿದ. "ಯವ್ವಾ, ಏನ್ ಮಾಡಾಕ್ಹತ್ತೀಯಬೇ? ಹುಳಿ ಕೂಡಿದ್ರ ತಾಮ್ರ ಕಿಲುಬು ಬಿಡ್ತೈತಿ, ಅದು ವಿಷ. ಅದಕ್ಕಂತ್ಲೇ ನಾನು ಊರೂರು ಅಡ್ಡಾಡಿ ಪಾತ್ರಿ ಒಳಗ ತವರದ ಕಲಾಯಿ ಹಾಕೋದು. ಆ ನೀರನ್ನ ದೊಡ್ಡ ಮೀನೇನೋ ತಡಕೊಂಡಾವು, ಇರುವಿಯಷ್ಟು ಜೀವಕ್ಕ ಹಾಕ್ತೀಯಲ್ಲ!"

ರಂಗೂನ್ ಮಾವ ದಡಬಡ ಎದ್ದು ಬಂದರು. ಎರಡು ಗಾಜಿನ ಲೋಟ ತರಿಸಿದರು. ಒಂದರಲ್ಲಿ ಕೊಡದ ನೀರು, ಇನ್ನೊಂದರಲ್ಲಿ ಮಣ್ಣಿನ ಗಡಿಗೆಯ ನೀರು, ಎರಡಕ್ಕೂ ಐದೈದು ಮರಿ. ಉಳಿದವನ್ನೆಲ್ಲ ಗಡಿಗೆಯ ನೀರಿದ್ದ ಬೇರೆ ಬಾನಿಗೆ ಹಾಕಿದೆವು. ಮರುದಿನ ಬೆಳಿಗ್ಗೆ ನೋಡಿದರೆ ಕೊಡದ ನೀರಿನವು ಐದೂ ತಳ ಸೇರಿದ್ದವು. ಗಡಿಗೆಯ ನೀರಿನವು ಚುರುಚುರು ಓಡಾಡುತ್ತಿದ್ದವು.

"ಅಕ್ಕಾ, ಕೈಗುಣ ಅಲ್ಲ, ಕೊಡದ ಗುಣ!" ಅಂತ ಮಾವ ಬಿದ್ದು ಬಿದ್ದು ನಕ್ಕರು. ಅತ್ತೆ ಮಣ್ಣಿನ ಗಡಿಗೆ ಎತ್ತಿಕೊಂಡು ತಾವೇ ಕಾಲುವೆಗೆ ಹೊರಟರು. ಅವರು ನೀರು ತಂದದ್ದನ್ನು ನಾನು ಅದೇ ಮೊದಲು ಕಂಡದ್ದು.

ಹದಿನೇಳು ಮರಿ ಉಳಿದವು. ಅವಕ್ಕೆ ಬಣ್ಣ ಬರುವ ಹೊತ್ತಿಗೆ ನಾದಿನಿಗೆ ಹೆಣ್ಣುಕೂಸು ಹುಟ್ಟಿತು. ನಾನು ಬಾಣಂತಿ ಕೋಣೆಯ ಹೊಸ್ತಿಲಾಚೆ ನಿಂತಿದ್ದೆ. ಅತ್ತೆ ಕೂಸನ್ನು ತಂದು ನನ್ನ ಕೈಗಿಟ್ಟು, ಮುಖ ಆ ಕಡೆ ತಿರುಗಿಸಿ, "ತಗೋ, ನೀರು ಎರಿ. ನಿನ್ನ ಕೈಗುಣ ಭಾಳ ಚಲೋ ಐತಿ," ಅಂದರು.

ನನಗೆ ಅಳು ಬಂತು, ಅದರ ಹಿಂದೆಯೇ ತುಂಟತನವೂ ಬಂತು. "ನೀರಿಗೆ ತಾಮ್ರದ ಕೊಡ ತಿಕ್ಕಲೇನ್ರಿ ಅತ್ತಿ?" ಅಂದೆ.

"ಮುಚ್ಚಬೇ ಬಾಯಿ!" ಅಂದವರೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಒಳಗೆ ಬಾಣಂತಿಯೂ ನಕ್ಕಳು.

ಆ ಕೂಸಿಗೆ ಈಗ ಮೊಮ್ಮಕ್ಕಳಿದ್ದಾರೆ. ಮನೆಯಲ್ಲಿ ಏನಾದರೂ ಕೆಟ್ಟರೆ ಇವತ್ತಿಗೂ ನಾನು ಯಾರನ್ನೂ ಬೈಯುವ ಮೊದಲು ಪಾತ್ರೆಯೊಳಗೆ ಒಮ್ಮೆ ಇಣುಕಿ ನೋಡುತ್ತೇನೆ. ಅಂದು ಅತ್ತೆ ಕೈಗಿಟ್ಟ ಆ ಕೂಸಿನ ಭಾರ ಮಾತ್ರ ಈ ಕೈಗಳಲ್ಲಿ ಇನ್ನೂ ಹಾಗೇ ಇದೆ.