ಹಿಕ್ಕೆ ಬೀಳದ ಜಾಗ

ಯಲ್ಲದಕೆರೆ ದಾಟಿದ ಮೇಲೆ, ಗಾಳಿಯಂತ್ರಗಳ ಗುಡ್ಡ. ನೆಲದ ತುಂಬ ಕುರಿಹಿಕ್ಕೆ; ಒಂದು ಕಡೆ ಮಾತ್ರ ಗುಡಿಸಿಟ್ಟಂತಿತ್ತು. ಖುಷಿಯಾಗಿ ವ್ಯಾನನ್ನು ಅಲ್ಲೇ ನಿಲ್ಲಿಸಿದೆ. ಇಂಜಿನ್ ಬ್ಯಾಟರಿ ನಂಬಿ ಫ್ರಿಜ್ ಓಡಿಸಬಾರದೆಂದು ಹಿರಿಯೂರಿನಲ್ಲಿ ಬೇರೆಯೇ ಲಿಥಿಯಂ ಬ್ಯಾಟರಿ ಹಾಕಿಸಿದ್ದೆ. ಫ್ರಿಜ್ಜಿನಲ್ಲಿ ನನ್ನ ಇನ್ಸುಲಿನ್ ಇತ್ತು. ಸಂಜೆಯೊಳಗೆ ಬ್ಯಾಟರಿ ಚಾರ್ಜ್ ಆಗಲೇಬೇಕು.

ವ್ಯಾನಿನ ಮೇಲಿನ ಸೋಲಾರ್ ಪ್ಯಾನೆಲ್ಲಿಗೆ ಒಳ್ಳೆಯ ಬಿಸಿಲು. ಆದರೂ ಒಳಗಿನ ಚಾರ್ಜ್ ಮೀಟರಿನ ಅಂಕಿ ಏರುತ್ತಿತ್ತು, ಇಳಿಯುತ್ತಿತ್ತು, ಮಲಗಿದವರ ಎದೆಯ ಹಾಗೆ ನಿಧಾನವಾಗಿ. ಹೊರಗಿಳಿದು ನೋಡಿದರೆ ಗಾಳಿಯಂತ್ರದ ರೆಕ್ಕೆಯ ನೆರಳು ವ್ಯಾನಿನ ಮೇಲೆ ಹಾಯುತ್ತಿತ್ತು. ಇಷ್ಟೇ ತಾನೆ ಅಂದುಕೊಂಡೆ.

ಕುರಿ ಹೊಡೆದುಕೊಂಡು ಬಂದ ಅಜ್ಜ ದೂರದಲ್ಲೇ ನಿಂತ. ಮಂದೆ ನನ್ನ ವ್ಯಾನನ್ನು ಸುತ್ತುಬಳಸಿಕೊಂಡು ಹೋಯಿತು.

"ಗಾಡಿ ಈ ಕಡೆ ತಗೀರಿ ತಾಯಿ. ಅಲ್ಲಿ ಕುರಿ ಕಾಲಿಡಲ್ಲ."

"ರೆಕ್ಕೆ ನೆರಳಿಗೆ ಹೆದರ್ತಾವಾ ಅಜ್ಜಾ?"

"ಈ ಫ್ಯಾನು ಬಂದಿದ್ದು ಮೊನ್ನೆ ಮೊನ್ನೆ. ನಮ್ಮಪ್ಪನ ಕಾಲದಾಗೂ ಕಾಲಿಡ್ತಿರ್ಲಿಲ್ಲ."

ಅಷ್ಟರಲ್ಲಿ ಗಾಳಿ ಅಡಗಿತು. ರೆಕ್ಕೆಗಳು ನಿಂತವು, ನೆರಳು ವ್ಯಾನಿನಿಂದಾಚೆ ಅಲುಗದೆ ಬಿದ್ದಿತ್ತು. ಒಳಗೆ ಹೋಗಿ ಮೀಟರ್ ನೋಡಿದೆ. ಅಂಕಿ ಇನ್ನೂ ಏರುತ್ತಿತ್ತು, ಇಳಿಯುತ್ತಿತ್ತು. ಈಗ ಬೇಗ ಬೇಗ, ಯಾರಿಗೋ ಎಚ್ಚರವಾದ ಹಾಗೆ.